ನಲವತ್ತು ಅಡಿ ಕಾಂಪೌಂಡು, ನಾಲ್ಕು ಜನ ಪೇಂಟರ್‌ಗಳು

ಒಬ್ಬ ಪೇಂಟರ್‌ನನ್ನು ಆರಿಸಲು ನಾನು ಐದು ತಿಂಗಳು ತೆಗೆದುಕೊಂಡೆ. ನಮ್ಮ ಭಾಮೈದ ಇದನ್ನು ಕಂಡವರಿಗೆಲ್ಲ ಹೇಳಿಕೊಂಡು ನಕ್ಕ. "ಭಾವ, ಅಕ್ಕನ್ನ ನೋಡೋಕೆ ಬಂದಾಗ ಉಪ್ಪಿಟ್ಟು ತಿಂದು ಮುಗಿಸೋದ್ರೊಳಗೆ ಒಪ್ಕೊಂಡ್ರಿ. ಪೇಂಟರ್‌ಗೆ ಐದು ತಿಂಗಳಾ?" ಈಗ ಅವನೇ ಆ ಮೇಸ್ತ್ರಿ ನಂಬರ್ ಕೇಳುತ್ತಿದ್ದಾನೆ. ಹಾಗಾಗಿ ಬರೆಯುವ ಧೈರ್ಯ ಬಂದಿದೆ.

ನಮ್ಮ ಮನೆ ತುಮಕೂರಿನಲ್ಲಿ, ಕ್ಯಾತ್ಸಂದ್ರದ ಕಡೆ. 30-40 ಸೈಟು, ಮೇಲೊಂದು ರೂಮು. ಹಿಂದೆ ಎರಡು ಸಲ ಬಣ್ಣ ಹೊಡೆಸಿ ಎರಡು ಸಲವೂ ಕೈ ಸುಟ್ಟುಕೊಂಡಿದ್ದೇನೆ.

ಮೊದಲನೇ ಸಲ ನೆಂಟರು ಹೇಳಿದವನಿಗೆ ಮೆಟೀರಿಯಲ್ ಸಮೇತ ಗುತ್ತಿಗೆ ಕೊಟ್ಟೆ. ಅರ್ಧಕ್ಕಿಂತ ಜಾಸ್ತಿ ಅಡ್ವಾನ್ಸ್ ತೆಗೆದುಕೊಂಡ. ಪ್ರೈಮರ್ ಹೊಡೆದ ಮಾರನೇ ದಿನದಿಂದ ಫೋನ್ ಸ್ವಿಚ್ ಆಫ್. ಏಣಿ ಮಾತ್ರ ಮೂರು ತಿಂಗಳು ನಮ್ಮನೆಯಲ್ಲೇ ಇತ್ತು. ಹೋದದ್ದು ಮೂವತ್ತೈದು ಸಾವಿರದಷ್ಟು. ಬಿಟ್ಟುಹೋದ ಬಕೆಟ್ ಅಂಗಡಿಯವನಿಗೆ ತೋರಿಸಿದರೆ, ಮೇಲೆ ದುಬಾರಿ ಬಣ್ಣದ ಹೆಸರು, ಒಳಗಿರೋದು ಅಗ್ಗದ್ದು ಅಂದ.

ಎರಡನೇ ಸಲ ಹಟಕ್ಕೆ ಬಿದ್ದು ದೊಡ್ಡ ಕಂಪನಿಯವರನ್ನೇ ಕರೆಸಿದೆ. ಟೈ ಕಟ್ಟಿದ ಹುಡುಗ ಬಂದ. ಮೆಷಿನ್‌ನಲ್ಲಿ ಉಜ್ಜಿದರು, ಸೋಫಾಗೆಲ್ಲ ಪ್ಲಾಸ್ಟಿಕ್ ಹೊದಿಸಿದರು, ಆರೇ ದಿನದಲ್ಲಿ ಮುಗಿಸಿದರು. ಎರಡು ಲಕ್ಷದ ಮೇಲಾಯಿತು. ಎಂಟು ತಿಂಗಳಿಗೆ ಪಶ್ಚಿಮದ ಗೋಡೆ ಬುಡದಲ್ಲಿ ಒಂದೂವರೆ ಅಡಿ ಎತ್ತರಕ್ಕೆ ಬಿಳೀ ಉಪ್ಪು ಎದ್ದು ಬಣ್ಣ ಹಪ್ಪಳದ ಹಾಗೆ ಉಬ್ಬಿತು. ನಮ್ಮ ಬೋರ್‌ವೆಲ್ ನೀರಿನ ಉಪ್ಪು ನಿಮಗೆ ಗೊತ್ತೇ ಇದೆ. ಗೋಡೆ ಕಟ್ಟುವಾಗ ಕುಡಿದ ಉಪ್ಪನ್ನು ನೆಲದ ತೇವ ಮೇಲಕ್ಕೆ ತರುತ್ತದೆ. ವಾರಂಟಿ ಕಾಗದ ತೆಗೆದು ಓದಿದರೆ, ಗೋಡೆಯ ತೇವದಿಂದ ಆದ ಹಾನಿಗೆ ಅನ್ವಯಿಸುವುದಿಲ್ಲವಂತೆ.

ಮೂರನೇ ಸಲಕ್ಕೆ ನಾನು ಮಾಡಿದ್ದು ಇಷ್ಟು. ಪಶ್ಚಿಮದ ಕಾಂಪೌಂಡು ನಲವತ್ತು ಅಡಿ ಉದ್ದ, ಐದಡಿ ಎತ್ತರ. ಸೀಮೆಸುಣ್ಣದಲ್ಲಿ ಗೆರೆ ಎಳೆದು ಹತ್ತತ್ತು ಅಡಿಯ ನಾಲ್ಕು ಪಾಲು ಮಾಡಿದೆ. ಒಂದೊಂದು ಪಾಲು ಒಬ್ಬೊಬ್ಬ ಪೇಂಟರ್‌ಗೆ. ದಿನಗೂಲಿ ನಾನೇ ಕೊಡುತ್ತೇನೆ, ಪ್ರೈಮರ್ ಮತ್ತು ಬಣ್ಣ ಒಂದೇ ಡಬ್ಬದಿಂದ. ಮೊದಲು ಮೆಟ್ಟಿಲು ರೂಮಿನ ನಾಲ್ಕು ಗೋಡೆ ಕೊಡೋಣ ಅಂದುಕೊಂಡಿದ್ದೆ. ಆದರೆ ಪಡುವಣ ಗೋಡೆಗೆ ಬೀಳುವ ಮಳೆ ಮೂಡಣದ್ದಕ್ಕೆ ಬೀಳಲ್ಲ, ಅದು ಅನ್ಯಾಯವಾಗುತ್ತಿತ್ತು.

ಈ ನಾಲ್ವರನ್ನು ಹುಡುಕಿದ್ದೂ ಸ್ವಲ್ಪ ಬೇರೆ ರೀತಿ. ಹೊಸದಾಗಿ ಬಣ್ಣ ಹೊಡೆದ ಮನೆ ಯಾವುದಾದರೂ ಚೆನ್ನಾಗೇ ಕಾಣುತ್ತದೆ. ಬೆಳಗಿನ ವಾಕಿಂಗ್‌ನಲ್ಲಿ ಬಟವಾಡಿ, ಎಸ್‌.ಎಸ್‌. ಪುರಂ, ಅಶೋಕನಗರ ಸುತ್ತಿ, ಬಣ್ಣ ಹಳೇದಾದರೂ ಗಟ್ಟಿ ಇರುವ ಮನೆ ಹುಡುಕಿದೆ. ಅಂಗೈಯಲ್ಲಿ ಗೋಡೆ ಒರೆಸಿ ನೋಡುವುದು. ಪುಡಿ ಹತ್ತದಿದ್ದರೆ ಗೇಟು ಬಡಿದು, ಎಷ್ಟು ವರ್ಷವಾಯಿತು, ಯಾರು ಮಾಡಿದ್ದು ಅಂತ ಕೇಳುವುದು. ಒಂದು ಮನೆಯಲ್ಲಿ ಗೋಡೆ ಯಾಕ್ರೀ ಸವರ್ತೀರಾ ಅಂತ ಬೈಸಿಕೊಂಡಿದ್ದೂ ಆಯಿತು.

ಪರೀಕ್ಷೆ ಇಟ್ಟಿದ್ದು ಆಷಾಢದಲ್ಲಿ. ಮದುವೆ, ಗೃಹಪ್ರವೇಶ ಇಲ್ಲದ ತಿಂಗಳು, ಪೇಂಟರ್‌ಗಳು ಖಾಲಿ ಇರುತ್ತಾರೆ. ಕೂಲಿ ದಿನಕ್ಕೆ ಒಂಬೈನೂರು. ಮೂರು ಜನ ಒಂದೇ ದಿನದಲ್ಲಿ ಮುಗಿಸಿದರು. ಅವರಲ್ಲಿ ಒಬ್ಬನ ಕೆಲಸ ಕನ್ನಡಿ ಹಾಗಿತ್ತು. ನನ್ನ ಹೆಂಡತಿ ಅಲ್ಲೇ ತೀರ್ಪು ಕೊಟ್ಟಳು: "ಇವನಿಗೇ ಕೊಡಿ ರೀ, ಸುಮ್ನೆ ಎಳೀಬೇಡಿ." ನಾಲ್ಕನೆಯವರು ವಯಸ್ಸಾದ ಮೇಸ್ತ್ರಿ. ಮೊದಲ ದಿನ ಡಬ್ಬದ ಮುಚ್ಚಳವನ್ನೇ ತೆಗೆಯಲಿಲ್ಲ. ಬುಡದ ಎರಡಡಿಯನ್ನು ಗಾರೆ ಕಾಣುವವರೆಗೂ ಕೆರೆದು, ತಂತಿ ಬ್ರಷ್ ಹಾಕಿ, "ಇವತ್ತು ಇದು ಆರ್ಲಿ ಸಾರ್, ನಾಳೆ ಕೂಲಿ ಅರ್ಧ ಕೊಟ್ರೂ ಪರವಾಗಿಲ್ಲ" ಅಂದು ಹೋದರು. ಪೂರ್ತಿ ಕೂಲಿಯನ್ನೇ ಕೊಟ್ಟೆ. ಎಲ್ಲ ಸೇರಿ ಪರೀಕ್ಷೆಗೆ ಆರು, ಆರೂವರೆ ಸಾವಿರ ಖರ್ಚಾಗಿರಬೇಕು.

ಆಮೇಲೆ ಕಾದೆ. ನಮ್ಮ ಕಡೆ ಜೂನ್, ಜುಲೈಗಿಂತ ಸೆಪ್ಟೆಂಬರ್, ಅಕ್ಟೋಬರ್ ಮಳೆಯೇ ಜೋರಲ್ವಾ. ದೀಪಾವಳಿ ಹೊತ್ತಿಗೆ ಕನ್ನಡಿ ಹಾಗಿದ್ದ ಪಾಲು ಬುಡದಿಂದ ಎದ್ದು ಬಂದಿತ್ತು. ಹಳೇ ಬಣ್ಣದ ಮೇಲೇ ಪುಟ್ಟಿ ಎಳೆದುಬಿಟ್ಟಿದ್ದ. ಇನ್ನೊಂದರಲ್ಲಿ ಮುಟ್ಟಿದರೆ ಕೈಗೆ ಸುಣ್ಣದ ಹಾಗೆ ಪುಡಿ, ನೀರು ಜಾಸ್ತಿ ಬೆರೆಸಿದ್ದ. ಮೂರನೆಯದು ಪಾಸು, ಜಸ್ಟ್ ಪಾಸು. ಮೇಸ್ತ್ರಿ ಪಾಲಿನಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೆ ಏನೂ ಇಲ್ಲ.

ನಡುವೆ ಸುಮ್ಮನೆ ಕೂರಲಾಗದೆ ಎರಡು ಪ್ರಯೋಗ ಮಾಡಿದೆ. ತಾರಸಿಗೆ ಸುಣ್ಣಕ್ಕೆ ಫೆವಿಕಾಲ್ ಬೆರೆಸಿ ಬಳಿದೆ. ಮೇಲಿನ ರೂಮಿನ ಸೆಖೆ ನಿಜಕ್ಕೂ ಕಮ್ಮಿಯಾಯಿತು, ಆದರೆ ಎರಡು ಜೋರು ಮಳೆಗೆ ಎಲ್ಲ ತೊಳೆದುಕೊಂಡು ತುಳಸಿ ಕಟ್ಟೆ ಮೇಲೆ ಬಂತು. ಬೈಗುಳ ಬೇರೆ. ಇನ್ನೊಂದು ಉಪಯೋಗಕ್ಕೆ ಬಂತು: ಕಲಸಿದ ಬಣ್ಣವನ್ನು ಹಳೇ ಪೇಪರ್ ಮೇಲೆ ಒಂದು ಎಳೆ ಎಳೆದು, ಅಂಗಡಿಯವನು ಹೇಳಿದ ಅಳತೆಯಲ್ಲಿ ನಾನೇ ಕಲಸಿದ್ದನ್ನು ಪಕ್ಕದಲ್ಲಿ ಎಳೆಯುವುದು. ಅಕ್ಷರ ಎಷ್ಟು ಮುಚ್ಚಿತು ನೋಡಿದರೆ ನೀರಿನ ಲೆಕ್ಕ ಸಿಕ್ಕಿಬಿಡುತ್ತದೆ.

ಇನ್ನು ದುಡ್ಡು. ಮೆಟೀರಿಯಲ್ ಸಮೇತ ರೇಟು ಕೇಳಿದ್ದೆ. ಒಬ್ಬ ನನ್ನ ಮನೆಯನ್ನು 6,900 ಚದರಡಿ ಅಂದ, ಇನ್ನೊಬ್ಬ 6,200. ನಾನು ಮಗನ ಕೈಗೆ ಟೇಪಿನ ಇನ್ನೊಂದು ತುದಿ ಕೊಟ್ಟು ಒಂದು ಭಾನುವಾರ ಅಳೆದರೆ 5,600. ಬಾಗಿಲು, ಕಿಟಕಿ ಕಳೆಯುವುದನ್ನು ಇಬ್ಬರೂ ಮರೆತಿದ್ದರು. ಮೊದಲನೆಯವನು ಜಿಎಸ್‌ಟಿ 18 ಪರ್ಸೆಂಟ್ ಎಕ್ಸ್‌ಟ್ರಾ ಅಂದ. ಜಿಎಸ್‌ಟಿ ನಂಬರ್ ಬಿಲ್ಲಿನ ಮೇಲೆ ಹಾಕಪ್ಪ ಅಂದೆ, ಆಮೇಲೆ ಆ ಮಾತೇ ಎತ್ತಲಿಲ್ಲ. ಅವನ ಲೆಕ್ಕ ಚದರಡಿಗೆ 26ರಂತೆ 1,80,000ದ ಹತ್ತಿರ ಹೋಗುತ್ತಿತ್ತು. ಮೇಸ್ತ್ರಿಗೆ ನನ್ನ ಅಳತೆಯ ಮೇಲೆ ಕೂಲಿ ಮಾತ್ರ, ಚದರಡಿಗೆ 12. ಅದು 67,000 ಚಿಲ್ಲರೆ. ಸಾಮಾನು ನಾನೇ ತಂದೆ, ಸುಮಾರು 55,000. ಪರೀಕ್ಷೆ ಖರ್ಚು ಕಳೆದರೂ ಐವತ್ತು ಸಾವಿರ ಉಳಿಯಿತು. ಯಾವ ಅಂಗಡಿ, ಎಷ್ಟು ಡಿಸ್ಕೌಂಟ್ ಅನ್ನೋದನ್ನು ಮಾತ್ರ ಕೇಳಬೇಡಿ.

ಸಾಮಾನು ನಾವೇ ತಂದರೆ ಪೇಂಟರ್ ಮುಖ ಸಣ್ಣಗಾಗುವುದು ಬಕೆಟ್ಟಿನೊಳಗಿನ ಟೋಕನ್‌ಗೆ, ಅಂದರೆ ಪೇಂಟರ್‌ಗೆ ದುಡ್ಡು ಸಿಗಲಿ ಅಂತ ಕಂಪನಿಯವರು ಇಡುವ ಬಿಲ್ಲೆಗೆ. ಟೋಕನ್ ಎಲ್ಲ ನಿಮ್ಮದೇ ಅಂತ ಮೊದಲ ದಿನವೇ ಹೇಳಿಬಿಟ್ಟೆ. ಬಣ್ಣದ ಆಯ್ಕೆ ಮಾತ್ರ ನನ್ನದು. ಅಡ್ವಾನ್ಸ್ ಇಲ್ಲ, ಶನಿವಾರ ಶನಿವಾರ ಮುಗಿದ ಗೋಡೆಗೆ ದುಡ್ಡು. ಕೊನೆಯ ಹತ್ತು ಸಾವಿರ ಮುಂದಿನ ಮಳೆ ಕಳೆದ ಮೇಲೆ ಅಂದಾಗ ಮಾತ್ರ ಮೇಸ್ತ್ರಿ ಎದ್ದು ನಿಂತರು. "ಮಳೆ ನನ್ನ ಕೈಲಿದ್ಯಾ ಸಾರ್?" ಐದಕ್ಕೆ ಒಪ್ಪಿಸಿದೆ. ಹೇಗೆ ಒಪ್ಪಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಕೆಲಸ ಶುರು ಮಾಡಿದ್ದು ಧನುರ್ಮಾಸದಲ್ಲಿ. ಆಗಲೂ ಶುಭಕಾರ್ಯ ಇಲ್ಲ, ಮಳೆಯೂ ಇಲ್ಲ. ಬೆಳಗ್ಗೆ ಇಬ್ಬನಿ ಇರುತ್ತದೆ, ಹೊರಗಡೆ ಹತ್ತು ಗಂಟೆಗೆ ಮುಂಚೆ ಬ್ರಷ್ ಮುಟ್ಟಿಸಲಿಲ್ಲ. ಹದಿನೆಂಟು ದಿನ ಹಿಡಿಯಿತು. ಕಿಟಕಿ ಗ್ರಿಲ್‌ನ ಹಳೇ ಬಣ್ಣವನ್ನು ಒಣಗಿದ್ದಂತೆಯೇ ಉಜ್ಜಲು ನಾನು ಬಿಡಲಿಲ್ಲ, ಪುಡಿ ಹಾರದಂತೆ ಒದ್ದೆ ಮಾಡಿಸಿ ಉಜ್ಜಿಸಿದೆ. ಬಣ್ಣದಲ್ಲಿ ವಿಷವಾದ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ. ನಮ್ಮ ಗ್ರಿಲ್ ಅದಕ್ಕಿಂತ ಹಳೇದು, ಮೊಮ್ಮಗು ಬೇರೆ ಮನೆಯಲ್ಲಿ ಅಂಬೆಗಾಲಿಡುತ್ತಿತ್ತು.

ಒಂದು ಮಳೆಗಾಲ ಕಳೆದಿದೆ. ಪಶ್ಚಿಮದ ಗೋಡೆ ಬುಡದಲ್ಲಿ ಉಪ್ಪು ಇಲ್ಲ. ಐದು ಸಾವಿರ ತೆಗೆದುಕೊಳ್ಳಲು ಬಂದ ಮೇಸ್ತ್ರಿ ಪ್ಯಾರಾಪೆಟ್‌ನ ಒಂದು ಬಿರುಕನ್ನು ತಾವೇ ಕಂಡು ಮುಚ್ಚಿ ಹೋದರು.

ಕಾಂಪೌಂಡಿನ ಆ ನಾಲ್ಕು ಪಾಲು ಮಾತ್ರ ಹಾಗೇ ಇದೆ. ಒಂದು ಕಡೆ ಚಕ್ಕೆ ಎದ್ದು, ಒಂದು ಕಡೆ ಮಾಸಿ, ನೋಡಲು ಅಸಹ್ಯ. ಹೆಂಡತಿ ದಿನಾ ಕೇಳುತ್ತಾಳೆ, ಅದಕ್ಕೆ ಯಾವತ್ತು ಬಣ್ಣ ಅಂತ. ಇನ್ನೊಂದು ಮಳೆಗಾಲ ನೋಡೋಣ ಅಂದಿದ್ದೇನೆ. ಮೂರನೆಯವನ ಪಾಲಿನ ಮೇಲೆ ನನಗಿನ್ನೂ ಅನುಮಾನ ಇದೆ.