ಆಪರೇಷನ್‌ಗೆ ಮುನ್ನ ಪಿಷ್ಟದ ಪಾನೀಯ: ಯಾರು, ಯಾವಾಗ, ಎಷ್ಟು ಕುಡಿಯಬಹುದು?

'ರಾತ್ರಿ ಹನ್ನೆರಡರ ನಂತರ ತೊಟ್ಟು ನೀರನ್ನೂ ಮುಟ್ಟಬೇಡಿ' ಎಂಬ ಎಚ್ಚರಿಕೆಯನ್ನು ಆಪರೇಷನ್‌ಗೆ ದಾಖಲಾದ ಬಹುತೇಕರು ಕೇಳಿರುತ್ತಾರೆ. ಅದರ ಹಿಂದಿನ ಭಯ ಸುಳ್ಳಲ್ಲ. ಅರಿವಳಿಕೆಯಲ್ಲಿದ್ದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಕುತ್ತು. ಆದರೆ ತಿಳಿಯಾದ ದ್ರವ ಆರೋಗ್ಯವಂತರ ಹೊಟ್ಟೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಮಧ್ಯಾಹ್ನದ ಸರದಿಯವರನ್ನು ಹಿಂದಿನ ರಾತ್ರಿಯಿಂದಲೇ ಬಾಯಾರಿಸುವುದರಲ್ಲಿ ಅರ್ಥವಿಲ್ಲ.

ಅದಕ್ಕೇ ಈಗ ಕೆಲವರಿಗೆ ಪಿಷ್ಟ (ಕಾರ್ಬೋಹೈಡ್ರೇಟ್) ಬೆರೆಸಿದ ತಿಳಿ ಪಾನೀಯ ಕೊಡುತ್ತಾರೆ. ಮೊದಲ ಕೆಲಸ, ಅದನ್ನು ನೀವು ಕುಡಿಯಬಹುದೇ ಎಂದು ಅರಿವಳಿಕೆ ತಜ್ಞರು ತಪಾಸಣೆಗೆ ಬಂದಾಗಲೇ ಕೇಳುವುದು. ಸಕ್ಕರೆ ಕಾಯಿಲೆ, ವಿಪರೀತ ಎದೆಯುರಿ, ಗರ್ಭ, ತೂಕ ಇಳಿಸಲು ತೆಗೆದುಕೊಳ್ಳುವ ಚುಚ್ಚುಮದ್ದು, ಯಾವುದನ್ನೂ ಮುಚ್ಚಿಡಬೇಡಿ. ಇಂಥವರಲ್ಲಿ ಹೊಟ್ಟೆ ನಿಧಾನವಾಗಿ ಖಾಲಿಯಾಗಬಹುದು, ಇಲ್ಲವೇ ರಕ್ತದ ಸಕ್ಕರೆ ಏರಬಹುದು. ತುರ್ತು ಆಪರೇಷನ್‌ನಲ್ಲಿ ಈ ಪಾನೀಯದ ಮಾತೇ ಇಲ್ಲ.

ಒಪ್ಪಿಗೆ ಸಿಕ್ಕರೆ, ಹೆಚ್ಚು ಬಳಕೆಯಲ್ಲಿರುವ ಕ್ರಮ ಹೀಗಿದೆ: ಹಿಂದಿನ ಸಂಜೆ 800 ಮಿ.ಲೀ., ಆಪರೇಷನ್ ದಿನ 400 ಮಿ.ಲೀ. ಎರಡನೆಯದನ್ನು ಅರಿವಳಿಕೆಗೆ ಎರಡು ಗಂಟೆ ಮುಂಚೆ ಕುಡಿದು ಮುಗಿಸಿರಬೇಕು. 400 ಮಿ.ಲೀ.ನಲ್ಲಿ ಸುಮಾರು 50 ಗ್ರಾಂ ಪಿಷ್ಟ, ಮುಖ್ಯವಾಗಿ ಮಾಲ್ಟೋಡೆಕ್ಸ್ಟ್ರಿನ್, ಇರುತ್ತದೆ. ಗಂಜಿಪಿಷ್ಟವನ್ನು ಒಡೆದು ಮಾಡಿದ ಈ ಪುಡಿ ಸಕ್ಕರೆಯಷ್ಟು ಸಿಹಿಯಲ್ಲ, ಹೊಟ್ಟೆಯಿಂದ ಬೇಗ ಸಾಗುತ್ತದೆ. ಆಸ್ಪತ್ರೆ ಹೇಳಿದ ಪುಡಿಯನ್ನು ಹೇಳಿದಷ್ಟೇ ನೀರಿನಲ್ಲಿ ಕಲಸಿ. ಮನೆಯಲ್ಲಿ ಗಟ್ಟಿ ಪಾನಕ ಮಾಡಿ ಜಾಣತನ ತೋರುವುದು ಬೇಡ.

ಎಡವುವುದು ಹೆಚ್ಚಾಗಿ ಇಲ್ಲೇ. 'ಬರೀ ಕಾಫಿ ತಾನೇ' ಎಂದು ಹಾಲು ಬೆರೆಸಿದ ಕಾಫಿ ಕೊಟ್ಟುಬಿಡುತ್ತಾರೆ. ಹಾಲಿಗೆ ಮತ್ತು ಲಘು ಆಹಾರಕ್ಕೆ ಆರು ಗಂಟೆಯ ಅಂತರ ಬೇಕು, ಕರಿದ ತಿಂಡಿಗೆ ಎಂಟು. ಮಜ್ಜಿಗೆ, ರಾಗಿ ಅಂಬಲಿ, ತಿರುಳಿರುವ ಹಣ್ಣಿನ ರಸವೂ ತಿಳಿ ದ್ರವವಲ್ಲ. ಲೋಟದಲ್ಲಿ ಹಾಕಿದಾಗ ಆಚೆಗಿನ ಅಕ್ಷರ ಓದಲು ಬರುವಷ್ಟು ತಿಳಿಯಾಗಿರಬೇಕು.

ಇಷ್ಟಕ್ಕೂ ಲಾಭವೇನು? ಉಪವಾಸದ ಮೇಲೆ ಕತ್ತರಿಯ ಪೆಟ್ಟೂ ಬಿದ್ದಾಗ ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಪಾನೀಯ ಆ ಮೊಂಡುತನವನ್ನು ತಗ್ಗಿಸುತ್ತದೆ. ಹಸಿವು, ಬಾಯಾರಿಕೆಯೂ ಕಡಿಮೆ. ಆದರೆ ಪವಾಡವೇನಲ್ಲ. 27 ಪ್ರಯೋಗಗಳನ್ನು ಒಟ್ಟುಗೂಡಿಸಿದ 2014ರ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒರೆಗೆ ಹಚ್ಚುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆಯಲ್ಲಿ ಆಸ್ಪತ್ರೆವಾಸ ಸರಾಸರಿ 0.3 ದಿನದಷ್ಟು ಮಾತ್ರ ಇಳಿದಿತ್ತು, ತೊಡಕುಗಳು ಕಡಿಮೆಯಾಗಿರಲಿಲ್ಲ. ಬಾಯಾರಿಕೆಯಿಲ್ಲದೆ ಥಿಯೇಟರ್‌ಗೆ ಹೋಗುವುದೇ ನನ್ನ ಲೆಕ್ಕದಲ್ಲಿ ದೊಡ್ಡ ಲಾಭ.

ಕೊನೆಯ ಗುಟುಕು ಕುಡಿದ ಹೊತ್ತನ್ನು ಬರೆದಿಟ್ಟು ನರ್ಸ್‌ಗೆ ತಿಳಿಸಿ. ನಡುವೆ ಬೇರೇನಾದರೂ ತಿಂದಿದ್ದರೆ ಅದನ್ನೂ ಹೇಳಿಬಿಡಿ. ಹೆಚ್ಚೆಂದರೆ ಆಪರೇಷನ್ ಮುಂದೆ ಹೋಗುತ್ತದೆ.