ನೋಡಿಕೊಳ್ಳುವವರಿಗೂ ಒಂದು ಗಂಟೆ ಬೇಕು

ಅತ್ತೆಗೆ ಸ್ಟ್ರೋಕ್ ಆಗಿ ಬಲಗೈ, ಬಲಗಾಲು ಬಿದ್ದುಹೋದ ಮೇಲೆ ಅವರ ಆರೈಕೆಯೆಲ್ಲ ನನ್ನ ಹೆಗಲಿಗೆ ಬಂತು. ಹಾಸಿಗೆ ಹಿಡಿದವರಿಗೆ ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ರಾತ್ರಿಯೂ ಅಷ್ಟೇ. ಮೊದಲು ಸೋತದ್ದು ನನ್ನ ಸೊಂಟ, ಆಮೇಲೆ ನಿದ್ದೆ.

ಫಿಸಿಯೋಥೆರಪಿ ಮಾಡಲು ಬರುತ್ತಿದ್ದ ಹುಡುಗಿ ಒಂದು ಉಪಾಯ ಕಲಿಸಿದಳು. ದುಪ್ಪಟಿಯನ್ನು ಎರಡು ಮಡಿಕೆ ಮಾಡಿ, ಹೆಗಲಿನಿಂದ ತೊಡೆಯವರೆಗೆ ಬರುವಂತೆ ಅತ್ತೆಯ ಅಡಿಗೆ ಹಾಸುತ್ತೇನೆ. ಒಂದು ಕಾಲು ಮುಂದಿಟ್ಟು, ಮಂಡಿ ಸ್ವಲ್ಪ ಬಗ್ಗಿಸಿ ನಿಲ್ಲುತ್ತೇನೆ. ಅವರ ಆಚೆ ಬದಿಯ ದುಪ್ಪಟಿಯ ಅಂಚನ್ನು ಮೈಗೆ ಹತ್ತಿರ ಹಿಡಿದು ನನ್ನ ಕಡೆ ಎಳೆಯುತ್ತೇನೆ. ಮೈ ತಾನೇ ಹೊರಳುತ್ತದೆ. ಬೆನ್ನ ಹಿಂದೆ ಒಂದು ದಿಂಬು, ಮಂಡಿಗಳ ನಡುವೆ ಇನ್ನೊಂದು. ಸ್ವಾಧೀನ ಇಲ್ಲದ ಕೈಯನ್ನು ಮಾತ್ರ ಹಿಡಿದು ಎಳೆಯಲೇಬಾರದು, ಭುಜದ ಕೀಲು ಜಾರುತ್ತದೆ.

ನೋಡಲು ಬಂದವರೆಲ್ಲ ಹಣ್ಣು ತರುತ್ತಿದ್ದರು, 'ಏನಾದ್ರೂ ಬೇಕಿದ್ರೆ ಹೇಳಮ್ಮ' ಅನ್ನುತ್ತಿದ್ದರು. ಏನು ಅಂತ ಹೇಳೋದು? ಆಮೇಲೆ ಕೆಲಸ, ಹೊತ್ತು ಎರಡನ್ನೂ ಹೇಳಿಯೇ ಕೇಳಲು ಶುರು ಮಾಡಿದೆ. ಮಧ್ಯರಾತ್ರಿಯ ಮಗ್ಗುಲು ಯಜಮಾನರದ್ದು. ಹತ್ತಿರದಲ್ಲೇ ಇರುವ ನಾದಿನಿಗೆ ಸಂಜೆ 5ರಿಂದ 6. 'ಅತ್ತಿಗೆ, ಅಮ್ಮನ್ನ ಎತ್ತೋಕೆ ನನ್ನಿಂದಾಗಲ್ಲ' ಎಂದಳು. 'ಎತ್ತೋದು ಬೇಡಮ್ಮ. ಕೂರಿಸಿ ಹೋಗಿರ್ತೀನಿ. ನಿಧಾನಕ್ಕೆ ಗಂಜಿ ಕುಡಿಸು, ಆಮೇಲೆ ಅರ್ಧ ಗಂಟೆ ಮಲಗಿಸಬೇಡ, ಅಷ್ಟೇ' ಎಂದೆ. ಮಾತ್ರೆಗಳ ಹೊತ್ತನ್ನು ಬರೆದು ಫ್ರಿಜ್ ಮೇಲೆ ಅಂಟಿಸಿದೆ. ಅವಳು ಈಗ ನನಗಿಂತ ಚೆನ್ನಾಗಿ ಕುಡಿಸುತ್ತಾಳೆ.

ಆ ಒಂದು ಗಂಟೆ ನಾನು ಹಾಸನದ ಮಹಾರಾಜ ಪಾರ್ಕಿನಲ್ಲಿ ನಡೆಯುತ್ತೇನೆ. ತರಕಾರಿ, ಔಷಧಿ ಅಂತ ಆ ಹೊತ್ತನ್ನು ಕಳೆಯುವುದಿಲ್ಲ. 'ಅತ್ತೆ ಹಾಸಿಗೆಯಲ್ಲಿದ್ರೂ ವಾಕಿಂಗ್ ಬೇಕಾ' ಎಂದವರೂ ಇದ್ದಾರೆ. ಬೇಕು. ನಾನು ಮಲಗಿಬಿಟ್ಟರೆ ಇಬ್ಬರನ್ನು ಯಾರು ನೋಡುತ್ತಾರೆ?

ಒಂದು ರಾತ್ರಿ ಸುಮ್ನೆ ಅಳು ಬಂತು, ನಿಲ್ಲಲಿಲ್ಲ. 14416ಕ್ಕೆ ಫೋನ್ ಮಾಡಿದೆ. ಅದು 2022ರಲ್ಲಿ ಸರ್ಕಾರ ಶುರು ಮಾಡಿದ ಟೆಲಿ ಮಾನಸ್ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ಮೊದಲು ಕೇಳಿದ್ದು ನನ್ನ ನಿದ್ದೆ, ಊಟದ ಬಗ್ಗೆ. ಅತ್ತೆಯ ಬಿಪಿ ದಿನಾ ಬರೆದಿಡುತ್ತಿದ್ದೆ, ನನ್ನದು ನೋಡಿಯೇ ಇರಲಿಲ್ಲ. ಈಗ ಅವರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದಾಗ ನನ್ನ ಬಿಪಿ, ಶುಗರ್ ಕೂಡ ಅಲ್ಲೇ ನೋಡಿಸಿಕೊಂಡು ಬರುತ್ತೇನೆ.