ಪ್ಲಾಟಿನಂ–ಪಲ್ಲಾಡಿಯಂ ಪ್ರಿಂಟ್: ಕೈಯಾರೆ ಫೋಟೋ ಅಚ್ಚು ಹಾಕೋದು ಕಲಿಯೋಣ ಬನ್ನಿ

ಒಳ್ಳೆ ಪ್ಲಾಟಿನಂ ಪ್ರಿಂಟ್ ಒಂದನ್ನ ಕೈಯಲ್ಲಿ ಹಿಡಿದು ನೋಡಿದ್ರೆ ಮೊದಲು ಕಣ್ಣಿಗೆ ಬೀಳೋದು ಅದಕ್ಕೆ ಹೊಳಪೇ ಇಲ್ಲ ಅನ್ನೋದು. ಮಾಮೂಲಿ ಕಪ್ಪು-ಬಿಳುಪು ಫೋಟೋದಲ್ಲಿ ಬೆಳ್ಳಿ ಕಣಗಳು ಜೆಲಟಿನ್ ಪದರದೊಳಗೆ ಇರ್ತಾವೆ, ಇಲ್ಲಿ ಲೋಹ ಕಾಗದದ ನಾರಿನೊಳಗೇ ಇಳಿದು ಕೂತಿರತ್ತೆ. ಬೂದು ಬಣ್ಣದಲ್ಲೇ ಎಷ್ಟೊಂದು ಮೆಟ್ಟಿಲು ಕಾಣತ್ತೆ ಅಂದ್ರೆ ನೆರಳಿನ ಒಳಗಿನ ನೆರಳೂ ಓದಬಹುದು. ಪ್ಲಾಟಿನಂ ಬೆಳ್ಳಿ ಥರ ಕಂದೋದಿಲ್ಲ, ಕಾಗದ ಎಲ್ಲೀವರೆಗೆ ಬಾಳತ್ತೋ ಅಲ್ಲೀವರೆಗೆ ಚಿತ್ರ ಇರತ್ತೆ.

ಇದನ್ನ ಕಂಡುಹಿಡಿದು 1873ರಲ್ಲಿ ಪೇಟೆಂಟ್ ಮಾಡ್ಸಿದ್ದು ಇಂಗ್ಲೆಂಡಿನ ವಿಲಿಯಂ ವಿಲ್ಲಿಸ್. ಆಗ ರೆಡಿಮೇಡ್ ಪ್ಲಾಟಿನಂ ಪೇಪರೇ ಅಂಗಡೀಲಿ ಸಿಗ್ತಿತ್ತು, ಮೊದಲ ಮಹಾಯುದ್ಧ ಶುರುವಾಗಿ ಪ್ಲಾಟಿನಂ ಎಲ್ಲ ಯುದ್ಧದ ಕೆಲಸಕ್ಕೆ ಹೋಗಿ ಬೆಲೆ ವಿಪರೀತ ಏರ್ತು, ಅದರ ತಮ್ಮನಂಥ ಪಲ್ಲಾಡಿಯಂ ಬಳಕೆಗೆ ಬಂತು, ಆಮೇಲೆ ಆ ಪೇಪರ್‌ಗಳೂ ನಿಂತುಹೋದ್ವು. 1960ರ ದಶಕದಲ್ಲಿ ಅಮೆರಿಕದ ಫೋಟೋಗ್ರಾಫರ್ ಇರ್ವಿಂಗ್ ಪೆನ್ ಥರದವರು ತಾವೇ ಕಾಗದಕ್ಕೆ ಬೆಳಕಿಗೆ ಸ್ಪಂದಿಸೋ ದ್ರಾವಣ ಹಚ್ಚಿಕೊಂಡು ಇದಕ್ಕೆ ಮತ್ತೆ ಜೀವ ಕೊಟ್ರು. ಇವತ್ತು ನಾವು ಮಾಡೋದೂ ಅದನ್ನೇ.

ಹೊಸಬರಿಗೆ ನನ್ನ ಮೊದಲ ಮಾತು, ಸೀದಾ ಪ್ಲಾಟಿನಂಗೆ ಕೈ ಹಾಕ್ಬೇಡಿ. ಒಂದೆರಡು ತಿಂಗಳು ಸೈನೋಟೈಪ್ ಮಾಡಿ, ಅದೇ ನೀಲಿ ಪ್ರಿಂಟು. ಕಾಗದಕ್ಕೆ ಸಮನಾಗಿ ಹಚ್ಚೋದು, ಒಣಗಿಸೋದು, ಬಿಸಿಲಿಗೆ ಇಡೋದು ಎಲ್ಲ ಅಲ್ಲೇ ಕಲೀಬಹುದು, ಕೆಟ್ರೆ ಹೋಗೋದು ಒಂದು ಹಾಳೆ ಅಷ್ಟೇ. ಆಮೇಲೆ ಬರೀ ಪಲ್ಲಾಡಿಯಂನಿಂದ ಶುರು ಮಾಡಿ, ಅದು ಎಷ್ಟೋ ಕಾಗದಗಳ ಮೇಲೆ ಪ್ಲಾಟಿನಂಗಿಂತ ಸುಲಭವಾಗಿ ಒಗ್ಗತ್ತೆ, ಬಣ್ಣ ಸ್ವಲ್ಪ ಕಂದು ಕಡೆ ಬೆಚ್ಚಗಿರತ್ತೆ. ಕೈ ಕುದುರಿದ ಮೇಲೆ ಪ್ಲಾಟಿನಂ ಬೆರೆಸಬಹುದು.

ಈ ಪ್ರಿಂಟ್ ಎನ್‌ಲಾರ್ಜರ್‌ನಲ್ಲಿ (ಪುಟ್ಟ ನೆಗೆಟಿವ್‌ನ ದೊಡ್ಡದಾಗಿ ಕಾಗದದ ಮೇಲೆ ಬೀಳಿಸೋ ಯಂತ್ರ) ಆಗಲ್ಲ, ದ್ರಾವಣಕ್ಕೆ ಬೇಕಿರೋದು ಅಲ್ಟ್ರಾವಯಲೆಟ್ ಬೆಳಕು. ಹಾಗಾಗಿ ನೆಗೆಟಿವ್‌ನ ಕಾಗದಕ್ಕೇ ಒತ್ತಿಟ್ಟು ಬೆಳಕು ಕೊಡ್ಬೇಕು, ಪ್ರಿಂಟ್ ಎಷ್ಟು ದೊಡ್ಡದೋ ನೆಗೆಟಿವ್ ಕೂಡ ಅಷ್ಟೇ ದೊಡ್ಡದು ಬೇಕು. ದೊಡ್ಡ ಫಿಲ್ಮ್ ಕ್ಯಾಮೆರಾ ಇಲ್ದಿದ್ರೂ ಚಿಂತೆ ಇಲ್ಲ, ಕಂಪ್ಯೂಟರ್‌ನಲ್ಲಿ ಫೋಟೋದ ಕಪ್ಪು ಬಿಳುಪು ಅದಲು ಬದಲು ಮಾಡಿ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಟ್ರಾನ್ಸ್‌ಪರೆನ್ಸಿ ಫಿಲ್ಮ್ ಮೇಲೆ ಪ್ರಿಂಟ್ ತೆಗೆದ್ರೆ ಆಯ್ತು. ಕಾಂಟ್ರಾಸ್ಟ್ ಮಾತ್ರ ಜಾಸ್ತಿ ಇರ್ಲಿ, ಕಣ್ಣಿಗೆ ಸರಿ ಅನ್ನಿಸೋ ನೆಗೆಟಿವ್ ಇಲ್ಲಿ ಸಪ್ಪೆ ಪ್ರಿಂಟ್ ಕೊಡತ್ತೆ.

ಕಾಗದ ಪೂರ್ತಿ ಹತ್ತಿಯದ್ದು ಬೇಕು, ಸುಣ್ಣದ ಅಂಶ ಇರಬಾರದು. ಆರ್ಟ್ ಅಂಗಡಿಯ ವಾಟರ್‌ಕಲರ್ ಪೇಪರ್‌ಗಳಲ್ಲಿ ಬಹಳಷ್ಟಕ್ಕೆ ಸುಣ್ಣ ಸೇರಿಸಿರ್ತಾರೆ, ಅದು ನಾವು ಹಚ್ಚೋ ದ್ರಾವಣದಲ್ಲಿರೋ ಆಕ್ಸಲೇಟ್ ಜೊತೆ ಜಗಳ ಆಡತ್ತೆ. ಆರ್ಶ್ ಪ್ಲಾಟೀನ್, ಹಾನೆಮ್ಯೂಲೆ ಪ್ಲಾಟಿನಂ ರ‍್ಯಾಗ್ ಇದಕ್ಕೇ ಅಂತ ಮಾಡಿದ ಕಾಗದಗಳು, ದುಬಾರಿ ಆದ್ರೂ ಕಲಿಯೋವಾಗ ಇವನ್ನೇ ತಗೊಳ್ಳಿ, ಇಲ್ಲಾಂದ್ರೆ ತಪ್ಪು ಕಾಗದದ್ದೋ ಕೈದೋ ಅಂತ ಗೊತ್ತೇ ಆಗಲ್ಲ.

ಕಾಗದಕ್ಕೆ ಹಚ್ಚೋ ಕೆಮಿಕಲ್ ಪುಡಿ ಬೇಡ, ರೆಡಿ ದ್ರಾವಣವೇ ತರಿಸಿ. ಆಕ್ಸಲೇಟ್‌ಗಳು ವಿಷ, ಪ್ಲಾಟಿನಂ ಲವಣದ ಧೂಳು ಉಸಿರಲ್ಲಿ ಹೋದ್ರೆ ಆಸ್ತಮಾ ಥರದ ಅಲರ್ಜಿ ಬರಬಹುದು. ಗ್ಲೌಸ್ ಹಾಕ್ಕೊಳ್ಳಿ, ಇದಕ್ಕೆ ಬಳಸಿದ ಲೋಟ ಟ್ರೇ ಯಾವತ್ತೂ ಅಡುಗೆಮನೆಗೆ ಹೋಗಬಾರದು.

ಈಗ ಹಚ್ಚೋ ಕೆಲಸ. ಟ್ಯೂಬ್‌ಲೈಟ್ ಆರಿಸಿ, ಕಿಟಕಿ ಮುಚ್ಚಿ, ಮಂದ ಹಳದಿ ಬಲ್ಬ್ ಹಾಕಿ. 4×5 ಇಂಚಿನ ಪ್ರಿಂಟಿಗೆ ಗಾಜಿನ ಪುಟ್ಟ ಬಟ್ಟಲಲ್ಲಿ ಫೆರಿಕ್ ಆಕ್ಸಲೇಟ್ (ಬೆಳಕಿಗೆ ಸ್ಪಂದಿಸೋ ಕಬ್ಬಿಣದ ಲವಣ) 6 ಹನಿ, ಪಲ್ಲಾಡಿಯಂ ದ್ರಾವಣ 6 ಹನಿ. ಒಂದರ ಡ್ರಾಪರ್ ಇನ್ನೊಂದಕ್ಕೆ ಅದ್ದಲೇಬೇಡಿ. ಬ್ರಶ್‌ನ ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಒದ್ದೆ ಮಾಡಿ ಚೆನ್ನಾಗಿ ಕೊಡವಿ, ಒಣ ಬ್ರಶ್ ದುಬಾರಿ ದ್ರಾವಣನೆಲ್ಲ ತಾನೇ ಕುಡಿದುಬಿಡತ್ತೆ. ಬ್ರಶ್‌ಗೆ ತಗಡಿನ ಕಟ್ಟು ಇರಬಾರದು, ಲೋಹ ತಾಗಿದ್ರೆ ಕರಿ ಚುಕ್ಕೆ ಬರತ್ತೆ. ದ್ರಾವಣನ ಕಾಗದದ ಮಧ್ಯೆ ಸುರಿದು ಬೇಗ ಬೇಗ ಅಡ್ಡ ಉದ್ದ ಎಳೀರಿ, ಆಮೇಲೆ ಕೈ ಹಗುರ ಮಾಡ್ತಾ ಹೋಗಿ, ಮೇಲಿನ ಮಿನುಗು ಮಾಯವಾದ ತಕ್ಷಣ ನಿಲ್ಲಿಸಿ. ಇನ್ನೊಂದ್ಸಲ ಅಂತ ಉಜ್ಜಿದ್ರೆ ನಾರು ಏಳತ್ತೆ.

ಎಲ್ಲಕ್ಕಿಂತ ಹೆಚ್ಚು ಜನ ಸೋಲೋದು ಗಾಳಿಯ ತೇವದ ವಿಷಯದಲ್ಲಿ, ನಾನೂ ಸೋತಿದ್ದೀನಿ. ಬೆಂಗಳೂರಲ್ಲಿ ಫೆಬ್ರವರಿ ಮಾರ್ಚ್‌ನಲ್ಲಿ ಹಚ್ಚಿದ ಹಾಳೆಗಳೆಲ್ಲ ಪೇಲವ ಆಗಿ ಬರ್ತಿದ್ವು, ಕಪ್ಪು ಅನ್ನೋದು ಬೂದಿ ಥರ, ಕೆಮಿಕಲ್ ಹಳೇದು ಅಂದ್ಕೊಂಡು ಹೊಸ ಬಾಟಲಿ ತರಿಸಿದೆ, ಅದೇ ಕಥೆ. ಕೊನೆಗೆ ತೇವ ಅಳೆಯೋ ಹೈಗ್ರೋಮೀಟರ್ ತಂದು ನೋಡಿದಾಗ ರೂಮಿನ ತೇವ 30 ಕೂಡ ಇರ್ಲಿಲ್ಲ, ಬೇಕಿರೋದು 50ರಿಂದ 60 ಪರ್ಸೆಂಟ್. ಅವತ್ತಿಂದ ಬೇಸಿಗೆಯಲ್ಲಿ ಕಾಗದನ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬದಲ್ಲಿ, ಕೆಳಗೆ ನೀರಿನ ತಟ್ಟೆ ಇಟ್ಟು, ನೀರು ತಾಗದ ಹಾಗೆ ಜಾಲರಿ ಮೇಲೆ ಒಂದು ಗಂಟೆ ಇಟ್ಟು ಆಮೇಲೆ ಹಚ್ತೀನಿ. ಮಂಗಳೂರಿನ ಮಳೆಗಾಲದಲ್ಲಿ ಮಾಡೋರಿಗೆ ಕಷ್ಟ ಉಲ್ಟಾ, ಅಲ್ಲಿ ಏಸಿ ಹಾಕಿ ತೇವ ಇಳಿಸ್ಕೋಬೇಕು. ಹಚ್ಚಿದ ಹಾಳೆ ಕತ್ತಲಲ್ಲಿ 10 ನಿಮಿಷ ತಾನಾಗೇ ಆರಲಿ, ಆಮೇಲೆ ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಹಿಡೀರಿ. ನೆಗೆಟಿವ್‌ಗೂ ಕಾಗದಕ್ಕೂ ನಡುವೆ ತೆಳು ಪಾರದರ್ಶಕ ಹಾಳೆ ಇಟ್ರೆ ಉಳಿದ ತೇವದಿಂದ ನೆಗೆಟಿವ್ ಹಾಳಾಗಲ್ಲ.

ಟೈಮ್ ಎಷ್ಟು ಅಂತ ಕೇಳ್ಬೇಡಿ, ಟೆಸ್ಟ್ ಪಟ್ಟಿ ಮಾಡಿ. ಹಚ್ಚಿದ ಪಟ್ಟಿ ಮೇಲೆ ನೆಗೆಟಿವ್‌ನ ಖಾಲಿ ಅಂಚು ಇಟ್ಟು ಗಾಜಿನಡಿ ಒತ್ತಿ, ಕಪ್ಪು ರಟ್ಟು ಸರಿಸ್ತಾ 2, 4, 6, 8 ನಿಮಿಷ ಬೆಳಕು ಕೊಡಿ. ಯಾವ ಭಾಗದಿಂದ ಮುಂದೆ ಕಪ್ಪು ಇನ್ನೂ ಕಪ್ಪಾಗಲ್ವೋ ಅದೇ ನಿಮ್ಮ ಟೈಮ್. ನಮ್ಮ ಮಧ್ಯಾಹ್ನದ ಬಿಸಿಲು ಧಾರಾಳ ಸಾಕು, ಆದ್ರೆ ಮೋಡ ಬಂದ್ರೆ ಲೆಕ್ಕ ತಪ್ಪತ್ತೆ, ಯುವಿ ಲ್ಯಾಂಪ್ ಇದ್ರೆ ದಿನಾ ಒಂದೇ ಥರ ಬರತ್ತೆ, ಅದನ್ನ ನೇರ ನೋಡ್ಬೇಡಿ ಅಷ್ಟೇ.

ಆ ಟೈಮ್‌ನಷ್ಟು ಬೆಳಕನ್ನ ನಿಮ್ಮ ಹಾಳೆಗೂ ನೆಗೆಟಿವ್ ಸಮೇತ ಗಾಜಿನಡಿ ಇಟ್ಟು ಕೊಡಿ, ಹೊರಗೆ ತೆಗೆದಾಗ ಮಸುಕಾದ ನೆರಳು ಮಾತ್ರ ಕಾಣತ್ತೆ. ಬೆಳಕು ಕಬ್ಬಿಣದ ಲವಣವನ್ನ ಫೆರಿಕ್‌ನಿಂದ ಫೆರಸ್ ಮಾಡಿರತ್ತೆ, ಪೊಟ್ಯಾಸಿಯಂ ಆಕ್ಸಲೇಟ್ ಡೆವಲಪರ್ (ಚಿತ್ರ ಮೂಡಿಸೋ ದ್ರಾವಣ) ತಾಗಿದಾಗ ಆ ಫೆರಸ್ ಪಲ್ಲಾಡಿಯಂ ಲವಣವನ್ನ ಲೋಹ ಮಾಡಿ ಅಲ್ಲೇ ಕೂರಿಸತ್ತೆ. ಟ್ರೇನಲ್ಲಿ ಹಾಳೆ ಇಟ್ಟು ಡೆವಲಪರನ್ನ ಒಂದೇ ಸಲ, ತಡವರಿಸದೆ ಸುರೀರಿ. ಅರೆಕ್ಷಣ ನಿಂತ್ರೂ ಅಲ್ಲೊಂದು ಗೆರೆ ಉಳಿಯತ್ತೆ. ಬೆಳ್ಳಿ ಪ್ರಿಂಟ್ ಥರ ಮೆಲ್ಲಗೆ ಮೂಡೋದಲ್ಲ ಇದು, ಕಣ್ಣು ಮಿಟುಕಿಸೋದ್ರಲ್ಲಿ ಇಡೀ ಚಿತ್ರ ಎದ್ದು ನಿಲ್ಲತ್ತೆ. ನೂರು ಸಲ ನೋಡಿದ್ರೂ ನನಗೆ ಆ ಗಳಿಗೆ ಹಳೇದಾಗಿಲ್ಲ. ಎರಡು ನಿಮಿಷ ಅಲ್ಲಾಡಿಸಿ.

ಇನ್ನು ಉಳಿದ ಕಬ್ಬಿಣ ತೆಗೀಬೇಕು, ಇಲ್ಲಾಂದ್ರೆ ಬಿಳಿ ಜಾಗ ಹಳದಿಯಾಗೇ ಉಳಿಯತ್ತೆ. ಮೊದಲು ತೆಳು ಸಿಟ್ರಿಕ್ ಆಸಿಡ್ ನೀರಲ್ಲಿ 5 ನಿಮಿಷ, ಆಮೇಲೆ ಕಬ್ಬಿಣನ ಹಿಡಿದು ಹೊರಗೆ ತರೋ ಇಡಿಟಿಎ ಅನ್ನೋ ಕೆಮಿಕಲ್ ಬೆರೆಸಿದ ನೀರಲ್ಲಿ ಎರಡು ಸಲ ಐದೈದು ನಿಮಿಷ, ಕೊನೆಗೆ ಹರಿಯೋ ನೀರಲ್ಲಿ ಅರ್ಧ ಗಂಟೆ. ಒದ್ದೆ ಹಾಳೆ ಮೆತ್ತಗಿರತ್ತೆ, ಮುಖ ಮುಟ್ಟದೆ ಎರಡು ಮೂಲೆ ಹಿಡಿದು ಎತ್ತಿ ಜಾಲರಿ ಮೇಲೆ ಆರಿಸಿ. ಹನಿ, ಟೈಮ್, ಅವತ್ತಿನ ತೇವ ಎಲ್ಲಾನೂ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಆ ಡೆವಲಪರ್ ಮಾತ್ರ ಚೆಲ್ಲಬೇಡಿ. ಮೊದಲಿಗೆ ಅದನ್ನ ಡಿಸ್ಟಿಲ್ಡ್ ವಾಟರ್‌ನಲ್ಲೇ ಕಲಸಿರ್ಬೇಕು, ಬೋರ್‌ವೆಲ್ ಗಡಸು ನೀರಾದ್ರೆ ಕ್ಯಾಲ್ಸಿಯಂ ಸೇರಿ ಬಿಳಿ ಗಸಿ ಕೂರತ್ತೆ. ಕೆಲಸ ಮುಗಿದ ಮೇಲೆ ಸೋಸಿ ಬಾಟಲಿಗೆ ವಾಪಸ್ ಹಾಕಿ, ಕಮ್ಮಿ ಆದಷ್ಟು ಹೊಸದು ಸೇರಿಸ್ತಾ ಹೋಗಿ. ದೋಸೆ ಹಿಟ್ಟಿಗೆ ಹಳೇ ಹಿಟ್ಟು ಉಳಿಸ್ಕೋತೀವಲ್ಲ ಹಾಗೆ, ಒಂದೇ ಬಾಟಲಿ ವರ್ಷಗಟ್ಟಲೆ ನಡೆಯತ್ತೆ.